ನಿದ್ದೆಗೆಟ್ಟ ಕಣ್ಣು

"ಕಣ್ಣ ಕೆಳಗೆ ಸ್ವಲ್ಪ ಕಪ್ಪು ಮಾಡಮ್ಮ. ನಿದ್ದೆ ಮಾಡಿಲ್ಲ ಅಂತ ಕಾಣಬೇಕು," ಎಂದರು ಸಚಿವರು, ಕುರ್ಚಿಗೆ ಒರಗುತ್ತಾ.

ಟಿ.ವಿ. ಸ್ಟುಡಿಯೋದಲ್ಲಿ ಎಲ್ಲರೂ ಮೇಕಪ್ಪಕ್ಕ ಎಂದು ಕರೆಯುವ ಹೆಂಗಸು ಕೈಯಲ್ಲಿದ್ದ ಬ್ರಷ್ಷನ್ನು ಹಾಗೇ ಹಿಡಿದು ನಿಂತಳು. ಇಷ್ಟು ವರ್ಷಗಳಲ್ಲಿ ಈ ಕುರ್ಚಿಯಲ್ಲಿ ಕೂತವರೆಲ್ಲ ಕಪ್ಪು ಮುಚ್ಚು ಎಂದವರೇ. ಹಚ್ಚು ಎಂದವರು ಇವರೊಬ್ಬರೇ. ಸಚಿವರದ್ದೋ, ಹೊಟ್ಟೆ ತುಂಬಾ ಉಂಡು ಗಡದ್ದಾಗಿ ನಿದ್ದೆ ಹೊಡೆದ ಮುಖ. ಹುಡುಕಿದರೂ ಒಂದು ಗೆರೆಯಿಲ್ಲ.

"ಎಷ್ಟು ಕಪ್ಪು ಸರ್?"

ಸಚಿವರು ಕನ್ನಡಿಯಲ್ಲಿ ಕಾಣುತ್ತಿದ್ದ ಅವಳ ಮುಖದ ಕಡೆ ಬೆರಳು ತೋರಿಸಿದರು. "ನಿನಗಿದೆಯಲ್ಲ, ಅಷ್ಟು. ಜಾಸ್ತಿ ಬೇಡ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಎರಡಕ್ಕೂ ತ್ರಾಣವಿರಲಿಲ್ಲ ಅನ್ನಿ. ಅವಳ ಕಣ್ಣ ಕೆಳಗಿನ ಕಪ್ಪು ಈ ಸಚಿವರ ಪಕ್ಷದ ಕಚೇರಿಯಿಂದಲೇ ಬಂದದ್ದು. ಮಗಳು ಅಲ್ಲಿ ಟೈಪಿಂಗ್ ಕೆಲಸಕ್ಕಿದ್ದಳು. ಕಚೇರಿಯ ಮುಖ್ಯಸ್ಥ ಬಾಗಿಲು ಹಾಕಿಕೊಂಡು ಅವಳ ಮೈಮೇಲೆ ಕೈ ಹಾಕಿದ ದಿನದಿಂದ ಹುಡುಗಿ ದೀಪ ಆರಿಸಿ ಮಲಗಿಲ್ಲ. ಮಗಳು ಮಲಗದ ಮನೆಯಲ್ಲಿ ತಾಯಿಗೆ ಎಲ್ಲಿಯ ನಿದ್ದೆ? ಆ ಮಹಾನುಭಾವ ಮಾತ್ರ ಇವತ್ತಿಗೂ ಸಚಿವರ ಕಾರಿನ ಮುಂದಿನ ಸೀಟಿನಲ್ಲೇ ಕೂತು ಓಡಾಡುತ್ತಿದ್ದ. ಸುದ್ದಿ ಊರೆಲ್ಲ ಹರಡಿ ವಿಚಾರಣಾ ಸಮಿತಿಯೂ ಕೂತಿತ್ತು. ಹುಡುಗಿಯ ಹೆಸರು ಮಾತ್ರ ಹೊರಗೆ ಬಂದಿರಲಿಲ್ಲವಾದ್ದರಿಂದ ಅವಳು ಇವಳ ಮಗಳೆಂದು ಸ್ಟುಡಿಯೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಚಿವರಿಗೆ ಗೊತ್ತಿರಬೇಕಿತ್ತು. ಅವರ ಮನೆಯ ವರಾಂಡದಲ್ಲಿ ನಿಂತು ಇವಳು ಎಲ್ಲವನ್ನೂ ಅತ್ತು ಹೇಳಿಕೊಂಡಿದ್ದಳು. ಅವರು ಫೋನಿನಲ್ಲಿ ಮಾತಾಡುತ್ತಲೇ "ನೋಡೋಣಮ್ಮ" ಎಂದು ಕಾರು ಹತ್ತಿದ್ದರು. ಈಗ ಉಸಿರು ತಾಗುವಷ್ಟು ಹತ್ತಿರ ನಿಂತರೂ ಗುರುತಿಲ್ಲ. ದೂರು ಹೇಳಲು ಬಂದವರ ಮುಖ ಯಾರು ನೋಡುತ್ತಾರೆ, ಬಿಡಿ.

ಅವಳು ಬಣ್ಣ ಕಲಸಿ ಎರಡೂ ಕಣ್ಣಿನ ಕೆಳಗೆ ತೆಳ್ಳಗೆ ಎಳೆದಳು. ಹೊಟ್ಟೆಪಾಡು, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಸಚಿವರು ಕನ್ನಡಿ ನೋಡಿಕೊಂಡು ಮಾತು ಅಭ್ಯಾಸ ಮಾಡತೊಡಗಿದರು. "ಆ ಹುಡುಗಿಯ ಮನೆಯವರು ಒಂದೇ ಒಂದು ಸಲ ನನ್ನ ಹತ್ತಿರ ಬಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಯಾರೂ ಬರಲಿಲ್ಲ. ಯಾರೂ..." ಎರಡನೆಯ "ಯಾರೂ" ಎನ್ನುವಾಗ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಕಣ್ಣಿನವರೆಗೆ ಎತ್ತಿ, ಚೆನ್ನಾಗಿದೆ ಎನ್ನಿಸಿರಬೇಕು, ಮತ್ತೆ ಮಡಚಿ ಇಟ್ಟುಕೊಂಡರು.

ನಾಳೆ ಬೆಳಿಗ್ಗೆ ಮಗಳು ವಿಚಾರಣಾ ಸಮಿತಿಯ ಮುಂದೆ ಕೂತು, ಅಮ್ಮ ಹೋಗಿ ಸಚಿವರಿಗೇ ಹೇಳಿದ್ದಳು ಎನ್ನಬೇಕು. ಇವತ್ತು ಇವರು ಊರಿಗೆಲ್ಲ ಕೇಳುವಂತೆ ಹೀಗೆಂದರೆ ನಾಳೆ ಸುಳ್ಳಿಯಾಗುವವಳು ಮಗಳೇ. ಏನಾದರೂ ಹೇಳಬೇಕು ಎಂದು ಬಾಯಿ ತೆರೆದಳು. ಬಂದದ್ದು ಕಸುಬಿನ ಮಾತು.

"ಕಣ್ಣಿಗೆ ಬಟ್ಟೆ ತಾಗಿಸಬೇಡಿ ಸರ್. ಬಣ್ಣ ಇನ್ನೂ ಹಸಿ ಇದೆ. ಮೇಲೆ ಪೌಡರ್ ಒತ್ತಿ ಕೂರಿಸ್ಬೇಕು, ಸ್ವಲ್ಪ ಇರಿ."

"ಆಯ್ತು ಆಯ್ತು," ಎಂದು ಸಚಿವರು ಎದ್ದೇಬಿಟ್ಟರು. ಪೌಡರ್ ಪಫ್ ಅವಳ ಕೈಯಲ್ಲೇ ಉಳಿಯಿತು.

ನೇರ ಪ್ರಸಾರ ಶುರುವಾಯಿತು. ನಿರೂಪಕಿ ಮುಂದಿದ್ದ ಹಾಳೆ ನೋಡಿಕೊಂಡು, ಎಲ್ಲೂ ನೋಯದಂತೆ ಒಂದೊಂದೇ ಪ್ರಶ್ನೆ ಕೇಳಿದಳು. ಸಚಿವರು ಕಲಿತ ಪಾಠ ಒಪ್ಪಿಸಿದರು. ಯಾರೂ ಬರಲಿಲ್ಲ ಎಂದರು. ಎರಡನೆಯ "ಯಾರೂ" ಬಂದಾಗ ಕರವಸ್ತ್ರ ಎತ್ತಿ ಬಲಗಣ್ಣಿಗೆ ಚೆನ್ನಾಗಿಯೇ ಒತ್ತಿದರು. ಬಿಳಿ ಬಟ್ಟೆ ಕೆಳಗಿಳಿದಾಗ ಅದರ ಮೇಲೆ ಕಪ್ಪಾದ ಕಲೆ. ಮುಖದಲ್ಲಿ ಒಂದು ಕಣ್ಣು ವಾರವಿಡೀ ನಿದ್ದೆಗೆಟ್ಟದ್ದು, ಇನ್ನೊಂದು ಈಗತಾನೇ ನಿದ್ದೆ ಮುಗಿಸಿ ಎದ್ದದ್ದು. ನಿರೂಪಕಿ ತಡವರಿಸಿ, ಸಣ್ಣದೊಂದು ವಿರಾಮ ಎಂದುಬಿಟ್ಟಳು.

"ಅಕ್ಕಾ, ಟಚಪ್!" ಎಂದು ಯಾರೋ ಕೂಗಿದರು. ಅವಳು ಡಬ್ಬಿ ಹಿಡಿದು ದೀಪಗಳ ಕೆಳಗೆ ಹೋಗಿ ನಿಂತಳು.

"ಏನಮ್ಮ ಇದು? ಮಾನ ತೆಗೆದೆಯಲ್ಲ," ಸಚಿವರು ಹಲ್ಲು ಕಚ್ಚಿ ಹೇಳಿದರು. "ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?"

ಇವರು ಎಂದಾದರೂ ಎದುರಿಗೆ ಸಿಕ್ಕರೆ ಹಾಗೆ ಬೈಯಬೇಕು, ಹೀಗೆ ಕೇಳಬೇಕು ಎಂದು ಮಗಳ ಪಕ್ಕ ಕೂತು ಎಷ್ಟೋ ಸಲ ಮಾತು ಜೋಡಿಸಿಕೊಂಡಿದ್ದಳು. ಈಗ ಅದ್ಯಾವುದೂ ನೆನಪಿಗೆ ಬರಲಿಲ್ಲ. ಬಾಯಿ ಬಿಟ್ಟರೆ ಕೆಲಸಕ್ಕೆ ಸಂಚಕಾರ ಎಂಬುದು ಮಾತ್ರ ಗೊತ್ತಿತ್ತು. ಸಾಕಾಗಿ ಹೋಗಿತ್ತು ಅವಳಿಗೆ.

"ಹೇಳಿದ್ದೆ ಸರ್," ಎಂದಳು ಮೆಲ್ಲಗೆ. "ಬಟ್ಟೆ ತಾಗಿಸಬೇಡಿ ಅಂತ ಆಗಲೇ ಹೇಳಿದ್ದೆ. ನನ್ನ ಮಗಳ ವಿಷಯ ಹೋದ ತಿಂಗಳು ನಿಮ್ಮ ಮನೆ ವರಾಂಡದಲ್ಲಿ ಹೇಳಿದ್ದೆ. ಎರಡು ಸಲವೂ ನೀವು ಕೇಳಿಸಿಕೊಳ್ಳಲಿಲ್ಲ."

ಸಚಿವರು ತಲೆಯೆತ್ತಿ ಅವಳ ಮುಖ ನೋಡಿದರು. ನೀರು ಕುಡಿಯುತ್ತಿದ್ದ ನಿರೂಪಕಿಯೂ ಲೋಟ ಕೆಳಗಿಟ್ಟು ನೋಡಿದಳು. ಮೇಕಪ್ಪಕ್ಕ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಹೊರಡಿ ಹೊರಡಿ ಎಂದು ಅತ್ತಲಿಂದ ಕೈಸನ್ನೆ ಬಂತು. ಅವಳು ಹೊರಗೆ ಹೋಗದೆ ಕ್ಯಾಮೆರಾದ ಪಕ್ಕಕ್ಕೆ ಸರಿದು ನಿಂತಳು.

ಕೆಂಪು ದೀಪ ಹತ್ತಿತು. ನಿರೂಪಕಿ ಪ್ರಶ್ನೆಗಳ ಹಾಳೆಯನ್ನು ಮಗುಚಿ ಹಾಕಿದಳು.

"ಸರ್, ಆ ಹುಡುಗಿಯ ಮನೆಯಿಂದ ಯಾರೂ ನಿಮ್ಮ ಹತ್ತಿರ ಬರಲಿಲ್ಲ ಅಂದ್ರಿ. ಅದನ್ನ ಇನ್ನೊಂದು ಸಲ ಹೇಳ್ತೀರಾ?"

ಸಚಿವರು ಕ್ಯಾಮೆರಾದತ್ತ ತಿರುಗಿ ಬಾಯಿ ತೆರೆದರು. ಅದರ ಪಕ್ಕದಲ್ಲೇ ಅವಳು ನಿಂತಿದ್ದಳು, ಕಣ್ಣ ಕೆಳಗಿನ ಕಪ್ಪಿನ ಸಮೇತ.