ಮುಚ್ಚಳದ ಕೆಳಗಿನ ದೀಪ

ರಸ್ತೆಯ ನಡುವಿನ ಕಬ್ಬಿಣದ ಮುಚ್ಚಳವನ್ನು ಇಬ್ಬರು ಕೂಲಿಯಾಳುಗಳು ಹಾರೆ ಕೊಟ್ಟು ಎತ್ತಿ ಪಕ್ಕಕ್ಕೆ ಸರಿಸಿದರು. ಗುಂಡಿಯೊಳಗೆ ಕುಡಿಯುವ ನೀರಿನ ದಪ್ಪ ಕೊಳವೆ. ಅದರ ಬೆನ್ನಿಗೆ ಅಂಟಿಕೊಂಡು ಸೋಪಿನ ಗಾತ್ರದ ಒಂದು ಬೂದು ಪೆಟ್ಟಿಗೆ. ನೀರು ಸರಬರಾಜಿನ ಅಧಿಕಾರಿ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು.

"ಏನಮ್ಮಾ, ನಿನ್ನ ಕುಂಭಕರ್ಣ ಮಲಗಿದ್ದಾನೋ, ಹೋಗೇಬಿಟ್ಟನೋ?"

"ಹೋಗಿದೆ ಸರ್," ಎಂದಳು ಪೆಟ್ಟಿಗೆ ಮಾಡಿದ ಎಂಜಿನಿಯರ್ ಹುಡುಗಿ. "ಮಲಗಿದ್ರೆ ಬೆಳಿಗ್ಗೆ ಒಂದು ಸಲ ಎದ್ದು 'ಚೆನ್ನಾಗಿದೀನಿ' ಅಂತ ಹೇಳ್ತಿತ್ತು. ನಾಲ್ಕೈದು ದಿನದಿಂದ ಸುದ್ದಿನೇ ಇಲ್ಲ."

ಅವಳ ಹಿಂದೆ ಸಲಕರಣೆಯ ಚೀಲ ಹೆಗಲಿಗೆ ಹಾಕಿಕೊಂಡು ಅವಳಪ್ಪ ನಿಂತಿದ್ದ. ಓಣಿಯವರಿಗೆಲ್ಲ ಅವನು ರೇಡಿಯೊ ಮಾಮ. ರೇಡಿಯೊ ರಿಪೇರಿಗೆ ತರುವವರು ಇಲ್ಲವಾದ ಮೇಲೆ ಅಂಗಡಿಗೆ ಬೀಗ ಹಾಕಿ, ಈಗ ಮಗಳ ಪೆಟ್ಟಿಗೆಗಳಿಗೆ ಬೆಸುಗೆ ಹಾಕಿಕೊಂಡಿದ್ದ. ಈ ಪೆಟ್ಟಿಗೆಗಳು ಕೊಳವೆಗೆ ಕಿವಿಯಾನಿಸಿ ನಿದ್ದೆ ಮಾಡುತ್ತವೆ. ಬೆಳಗಿನ ವರದಿ ಬಿಟ್ಟರೆ, ನೀರು ಸೋರುವ ಸದ್ದಾದಾಗ ಮಾತ್ರ ಗಡಬಡಿಸಿ ಎದ್ದು, ಕಚೇರಿಗೆ ಸುದ್ದಿ ಮುಟ್ಟಿಸಿ, ಮತ್ತೆ ಮಗ್ಗುಲಾಗುತ್ತವೆ. ಒಳಗಿರುವುದು ಹೆಬ್ಬೆರಳಿನಷ್ಟು ದೊಡ್ಡ ಒಂದೇ ಒಂದು ಸೆಲ್. ಅದನ್ನು ಬದಲಿಸಬೇಕೆಂದರೆ ಹೀಗೆ ರಸ್ತೆ ತಡೆದು, ಮುಚ್ಚಳ ಎತ್ತಿ, ಊರಿನವರ ಬೈಗುಳ ತಿನ್ನಬೇಕು. ಹತ್ತು ವರ್ಷ ಯಾರೂ ಮುಟ್ಟಬೇಕಾಗಿಲ್ಲ ಎಂದು ಮಗಳು ಮಾತು ಕೊಟ್ಟಿದ್ದಳು. ಪರೀಕ್ಷೆಗೆಂದು ಬೀದಿಗೊಂದರಂತೆ ಇಟ್ಟ ಪೆಟ್ಟಿಗೆಗಳು ಬಾಳಿದರೆ ಊರಿನ ಎಲ್ಲ ಮುಚ್ಚಳಗಳ ಕೆಳಗೂ ಅವಳದೇ ಪೆಟ್ಟಿಗೆ. ಇಲ್ಲವಾದರೆ ಎಲ್ಲವೂ ವಾಪಸ್. ಇದು ನೋಡಿದರೆ ಒಂದೇ ಚಳಿಗಾಲಕ್ಕೆ ಕಣ್ಣು ಮುಚ್ಚಿತ್ತು.

ಮಗಳು ಫುಟ್‌ಪಾತಿನ ಮೇಲೆ ಕುಳಿತು ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿದಳು. ಒಳಗೆ ತಾನು ಇಡದ ಒಂದು ವಸ್ತು ಕಂಡಿತು: ಸಾಸಿವೆ ಕಾಳಿನಷ್ಟು ಹಸಿರು ದೀಪ. ಅದರ ಕಾಲುಗಳಿಗೆ ಹಾಕಿದ್ದ ಬೆಸುಗೆ ಮುತ್ತಿನಂತೆ ದುಂಡಗೆ ಹೊಳೆಯುತ್ತಿತ್ತು. ಅಷ್ಟು ಚೆಂದದ ಬೆಸುಗೆ ಹಾಕುವ ಕೈ ಅವಳಿಗೆ ಗೊತ್ತಿದ್ದುದು ಒಂದೇ. ಕತ್ತೆತ್ತಿ ಅಪ್ಪನನ್ನು ನೋಡಿದಳು.

"ನಾನೇ ಹಾಕಿದ್ದು ಪುಟ್ಟೀ," ಎಂದ ಮಾಮ.

"ಅಪ್ಪಾ! ಒಂದು ಮಾತು ಕೇಳಬಾರದಿತ್ತಾ?"

"ಅಲ್ಲ ಯಜಮಾನ್ರೇ," ಅಧಿಕಾರಿಗೆ ನಗು ತಡೆಯಲಾಗಲಿಲ್ಲ, "ಮುಚ್ಚಿದ ಗುಂಡಿ, ಅದರೊಳಗೆ ಮುಚ್ಚಿದ ಪೆಟ್ಟಿಗೆ. ಈ ದೀಪಾನ ನೋಡೋರು ಯಾರ್ರೀ, ಇಲಿಗಳಾ?"

"ನೋಡೋಕಲ್ಲ ಸಾಹೇಬ್ರೇ. ನನ್ನ ಕೈಯಿಂದ ಹೋದ ಒಂದು ರೇಡಿಯೊನೂ ದೀಪ ಹತ್ತದೆ ಅಂಗಡಿ ದಾಟಿಲ್ಲ. ಇದು ನನ್ನ ಮಗಳು ಮಾಡಿದ ಮೊಟ್ಟಮೊದಲ್ನೇ ಪೆಟ್ಟಿಗೆ. ಕಲ್ಲಿನ ಹಾಗೆ ಕಳಿಸೋಕೆ ಮನಸ್ಸು ಬರಲಿಲ್ಲ. ಇದೊಂದಕ್ಕೆ ಮಾತ್ರ ಹಾಕಿದೆ."

ಗೋಡೆಯ ಕರೆಂಟಿಗೆ ಓಡುವ ರೇಡಿಯೊಗಳ ಲೋಕದಲ್ಲಿ ಅಂಥ ದೀಪ ಎಳೆಯುವ ಕರೆಂಟನ್ನು ಯಾರೂ ಖರ್ಚೆಂದು ಕರೆದಿರಲಿಲ್ಲ. ಮಾಮನಿಗೂ ಅದು ಹೊಳೆದಿರಲಿಲ್ಲ.

"ನೋಡಮ್ಮಾ, ಕಾರಣ ಏನೇ ಇರಲಿ, ನಿಂತಿದ್ದು ನಿಂತ ಹಾಗೇ," ಅಧಿಕಾರಿಯ ನಗು ಮಾಯವಾಗಿತ್ತು. "ಮೇಲಿನವರಿಗೆ ನಾನು ಏನಂತ ಹೇಳಲಿ?"

ಮಾಮನ ಮುಖ ಸಣ್ಣದಾಯಿತು. ಮಗಳು ಅಪ್ಪನ ಹೆಗಲಿನಿಂದ ಚೀಲ ತೆಗೆದುಕೊಂಡು, "ಪಕ್ಕದ ಬೀದಿಗೆ ಬನ್ನಿ ಸರ್," ಎಂದು ಮುಂದೆ ನಡೆದಳು.

ಅಲ್ಲಿಯ ಮುಚ್ಚಳವೂ ಎದ್ದಿತು, ಪೆಟ್ಟಿಗೆಯೂ ಬಿಚ್ಚಿತು. ಸೆಲ್ಲಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿ ಅವಳು ಮೀಟರನ್ನು ಅಧಿಕಾರಿಯ ಕಡೆ ತಿರುಗಿಸಿದಳು. ಚೀಲದಲ್ಲಿದ್ದ ಹೊಸ ಸೆಲ್ಲನ್ನೂ ಅಳೆದು ತೋರಿಸಿದಳು. ಎರಡಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

"ಎರಡೂ ಪೆಟ್ಟಿಗೆ ಒಂದೇ ದಿನ ಇಟ್ಟಿದ್ದು ಸರ್. ಇದು ಚಳಿಗಾಲ ಪೂರ್ತಿ ಕಿವಿಗೊಟ್ಟಿದೆ, ದಿನಾ ಬೆಳಿಗ್ಗೆ ವರದಿ ಒಪ್ಪಿಸಿದೆ, ಎರಡು ಸೋರಿಕೆ ಹಿಡಿದುಕೊಟ್ಟಿದೆ. ಅಷ್ಟಾದ್ರೂ ಸೆಲ್ ಒಂಚೂರೂ ಸವೆದಿಲ್ಲ. ಅಲ್ಲಿ ಸೆಲ್ ಖಾಲಿ ಮಾಡಿದ್ದು ಹಗಲೂ ರಾತ್ರಿ ಉರಿದ ಆ ದೀಪ. ಅದು ಒಂದು ದಿನಕ್ಕೆ ತಿನ್ನೋದ್ರಲ್ಲಿ ನನ್ನ ಪೆಟ್ಟಿಗೆ ಒಂದು ತಿಂಗಳು ಸಂಸಾರ ಮಾಡುತ್ತೆ."

ಅಧಿಕಾರಿ ಮೀಟರನ್ನು ಕೈಗೆ ತೆಗೆದುಕೊಂಡು, ತಾವೇ ಕಡ್ಡಿ ಮುಟ್ಟಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಕೂಲಿಯಾಳುಗಳನ್ನೂ ಕರೆದು ತೋರಿಸಿದರು.

"ಭಲೇ! ಒಂದು ಸಾಸಿವೆ ದೀಪಕ್ಕೆ ಸಾಲದ ಸೆಲ್ಲಲ್ಲಿ ಊರು ಕಾಯೋಕೆ ಹೊರಟಿದೀಯಲ್ಲಮ್ಮ! ಹಾಕು, ಊರಿನ ಎಲ್ಲ ಮುಚ್ಚಳದ ಕೆಳಗೂ ಹಾಕು. ಯಜಮಾನ್ರೇ, ನಿಮ್ಮ ದೀಪ ಇಲ್ಲದಿದ್ರೆ ನಾನು ಇವಳನ್ನ ಇಷ್ಟು ನಂಬ್ತಾನೇ ಇರಲಿಲ್ಲ. ಆದ್ರೆ ಇನ್ನೊಂದು ಹಚ್ಚಿದ್ರೋ, ನಿಮ್ಮನ್ನೇ ಗುಂಡಿಗೆ ಇಳಿಸಿ ಮುಚ್ಚಳ ಹಾಕಿಸ್ತೀನಿ!"

ಮೊದಲಿನ ಗುಂಡಿಗೆ ಮರಳಿದ ಮೇಲೆ ಮಾಮ ಆ ಹಸಿರು ದೀಪವನ್ನು ತನ್ನ ಕೈಯಾರೆ ಕತ್ತರಿಸಿ ತೆಗೆದು ಜೇಬಿಗೆ ಹಾಕಿಕೊಂಡ. ಮಗಳು ಹೊಸ ಸೆಲ್ ಕೂರಿಸಿ, ತಿರುಪು ಬಿಗಿದು, ಪೆಟ್ಟಿಗೆಯನ್ನು ಕೊಳವೆಯ ಮೇಲಿಟ್ಟಳು. ಕೂಲಿಯಾಳುಗಳು ಮುಚ್ಚಳಕ್ಕೆ ಕೈಹಾಕಿದಾಗ, "ಒಂಚೂರು ತಡೀರಪ್ಪಾ" ಎಂದು ಮಾಮ ಮಂಡಿಯೂರಿ ಗುಂಡಿಯೊಳಗೆ ಇಣುಕಿದ.

ರಸ್ತೆ ತಡೆದದ್ದಕ್ಕೆ ಗೊಣಗುತ್ತ ನಿಂತಿದ್ದ ಸ್ಕೂಟರಿನವನೊಬ್ಬ ಕತ್ತು ಉದ್ದ ಮಾಡಿ ಕೇಳಿದ: "ಅಷ್ಟೊತ್ತಿಂದ ನೋಡ್ತಾನೇ ಇದ್ದೀರಲ್ಲ, ಅಲ್ಲೇನಿದೆ ತಾತಾ?"

"ನನ್ನ ಮಗಳು ಮಾಡಿರೋ ಯಂತ್ರ."

"ಏನೂ ಕಾಣ್ತಾನೇ ಇಲ್ಲವಲ್ಲ?"

"ಹ್ಞಾಂ!" ಎಂದ ಮಾಮ, ಮಂಡಿಯ ಧೂಳು ಕೊಡವಿ ಎದೆಯುಬ್ಬಿಸಿ ಎದ್ದು ನಿಲ್ಲುತ್ತ. "ಅದೇ ನೋಡಯ್ಯಾ ಅವಳ ಕೈಚಳಕ!"