ನೆವಿಲ್‌ನ ಶೆಡ್ಡಿನಲ್ಲಿ ಆಯಿಲ್ ಕಲೆ

“ಮತ್ತೆ ಸೋರಿದೆ!”

ಆಯಿಲ್ ಕುಡಿದು ಕಪ್ಪಾಗಿದ್ದ ರಟ್ಟನ್ನು ನೆವಿಲ್ ಹಾಕಿಂಗ್ ರೋಂಡಾಳ ಮೇಜಿನ ಮೇಲೆ ರಪ್ಪೆಂದು ಹಾಕಿದ.

“ಏನಮ್ಮಾ, ರಿಪೇರಿ ಮಾಡ್ತೀಯೋ, ಇಲ್ಲಾ ಬರೀ ಮೋವರಿನ ಮೈ ತಡವಿ ಕಳಿಸ್ತೀಯೋ?”

ಟಾರಬೂಲ್ ಊರಿನಲ್ಲಿ ಮನೆಗಿಂತ ಹುಲ್ಲುಹಾಸೇ ದೊಡ್ಡದು. ಹುಲ್ಲು ಕತ್ತರಿಸಲು ಎಲ್ಲರೂ ಮೋವರ್ ಏರಿ ಕೂತು ಓಡಿಸುವವರೇ. ಅದು ಕೆಟ್ಟರೆ ರೋಂಡಾ ಪಾಸ್ಕೋಳ ರಿಪೇರಿ ಅಂಗಡಿಯೇ ಗತಿ.

“ನಿನ್ನ ಮೋವರ್ ಸೋರ್ತಿಲ್ಲ ನೆವಿಲ್.”

“ಹಾಗಾದ್ರೆ ನನ್ನ ಶೆಡ್ ಬೆವರ್ತಿದೆಯಾ? ನೋಡು, ಮುಂದಿನ ವಾರ ಕಮಿಟಿ ಮೀಟಿಂಗ್. ನನ್ನದೊಂದು ಮೋವರ್ ನೆಟ್ಟಗೆ ಮಾಡೋಕಾಗದವಳಿಗೆ ಮೈದಾನದ ಮೋವರ್‌ಗಳನ್ನ ಹೇಗೆ ಕೊಡ್ಲಿ? ಪಕ್ಕದೂರಿನವನಿಗೆ ಕೊಡ್ತೀನಿ, ಅಷ್ಟೇ.”

ನೆವಿಲ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ. ಕ್ಲಬ್ಬಿನ ಕೆಲಸ ಹೋದರೆ ರೋಂಡಾ ಅಂಗಡಿಗೆ ಬೀಗ ಜಡಿಯಬೇಕಾದೀತು.

ಮೂಲೆಯಲ್ಲಿ ಕೂತಿದ್ದ ಅವಳ ಅಪ್ಪ ಆಲ್ಬಿ ಬಾಯಿ ಹಾಕಿದ. “ವಾದ ಯಾಕೆ? ಕ್ರ್ಯಾಂಕಿನ ಸೀಲ್ ಹೋಗಿದೆ. ಎಂಜಿನ್ ಇಳಿಸ್ಬೇಕು. ಮೋವರ್ ತಂದು ಇಲ್ಲೇ ಬಿಡ್ಲಿ, ನಿಧಾನಕ್ಕೆ ಮಾಡೋಣ.”

ರೋಂಡಾ ಅಪ್ಪನ ಕಡೆ ತಿರುಗಿದಳು. ಒಂದು ಕಾಲಕ್ಕೆ ಎಂಜಿನ್ನಿನ ವಾಸನೆ ಹಿಡಿದೇ ಯಾವ ಗ್ಯಾಸ್ಕೆಟ್ ಬಿರಿದಿದೆ ಎನ್ನುತ್ತಿದ್ದ ಮನುಷ್ಯ. ಈಗ ಏನೇನೋ ಹೇಳುತ್ತಾನೆ. ವಯಸ್ಸಾಯಿತು.

ಮೊದಲ ಸಲ ಬಂದಾಗ ಮೋವರ್ ನಿಜಕ್ಕೂ ಸೋರುತ್ತಿತ್ತು. ವಾಲ್ವ್ ಕವರಿನ ಗ್ಯಾಸ್ಕೆಟ್ ಬಿರಿದಿತ್ತು. ಹೊಸದು ಹಾಕಿದಳು, ಆಯಿಲ್ ಬದಲಿಸಿದಳು. ಆಯಿಲ್ ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಫ್ಯಾನಿನ ಗಾಳಿ ಅದನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ. ಹಾಗಾಗಿ ಎರಡನೇ ಸಲ ತಂದಾಗ ಎಂಜಿನ್ ತೊಳೆದು, ಒಣಗಿಸಿ, ಮೈಗೆಲ್ಲ ಟಾಲ್ಕಮ್ ಪೌಡರ್ ಬಳಿದು ಓಡಿಸಿದಳು. ಸೋರಿದರೆ ಪೌಡರಿನಲ್ಲಿ ಗೆರೆ ಮೂಡಲೇಬೇಕು. ಮೂಡಲಿಲ್ಲ. ಮದುವೆಹೆಣ್ಣಿನ ಕೆನ್ನೆಯಂತೆ ಬೆಳ್ಳಗೇ ಇತ್ತು.

“ನಡಿ, ನಿನ್ನ ಶೆಡ್ ತೋರ್ಸು,” ಎಂದಳು.

ಶೆಡ್ಡಿಗೆ ನೆವಿಲ್‌ನ ತಾಯಿ ಐರಿಸ್ ಚಹಾ ತಂದಳು. ಮಂಡಿನೋವೆಂದು ಈ ವರ್ಷ ಮ್ಯಾಚಿಗೆ ಹೋಗುವುದನ್ನೇ ಬಿಟ್ಟಿದ್ದ ಮುದುಕಿ, ಟ್ರೇ ಹಿಡಿದು ಮೆಟ್ಟಿಲನ್ನು ಸರಸರನೆ ಇಳಿದಳು. ತುಟಿಗೆ ಬಣ್ಣವೂ ಇತ್ತು.

“ಅದೇನೋ ಸೀಲ್ ಹೋಗಿದೆಯಂತಲ್ಲ? ನಿಮ್ಮಪ್ಪ ಹೇಳಿದ ಮೇಲೆ ಅದೇ ಇರುತ್ತೆ. ದೊಡ್ಡವರ ಮಾತು ಕೇಳ್ಬೇಕಮ್ಮಾ.”

ರೋಂಡಾ ನಕ್ಕು, ನೆಲದ ಆಯಿಲ್ ಬೆರಳಿಗೆ ತಗುಲಿಸಿ ಉಜ್ಜಿದಳು. ಕಪ್ಪು, ತರಿತರಿ. ಮೋವರಿನಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದಳು. ಹೊಸ ಆಯಿಲ್, ಜೇನಿನ ಬಣ್ಣ. ಮೇಲಾಗಿ ಮೋವರಿನ ಎಂಜಿನ್ ಇರುವುದು ಮುಂದೆ, ಕಲೆ ಬಿದ್ದಿದ್ದು ಹಿಂಬದಿಯಲ್ಲಿ.

“ಇದು ಬೇರೆ ಗಾಡೀದು. ಕಲೆ ಯಾವಾಗ ಕಾಣುತ್ತೆ?”

“ಶನಿವಾರ. ಮ್ಯಾಚ್ ಮುಗಿಸಿ ಬಂದಾಗ...” ನೆವಿಲ್‌ನ ಮುಖ ಟೊಮೇಟೊ ಆಯಿತು. ಮಗಳು ಕಿರ್ರಾ ಕೂಡ ಈಚೆಗೆ ಶನಿವಾರ ಮನೆ ಬಿಟ್ಟು ಕದಲುತ್ತಿರಲಿಲ್ಲ. “ಕಿರ್ರಾ ಹಿಂದೆ ಬಿದ್ದಿರೋ ಬೇಕರಿ ಹುಡುಗ, ಆ ಜೆಟ್! ಅವನ ಡಬಡಬ ಬೈಕು! ನನ್ನ ಮೋವರ್ ಆಚೆ ತಳ್ಳಿ, ನನ್ನ ಶೆಡ್ಡಲ್ಲೇ ಬಚ್ಚಿಡ್ತಾನೆ!”

ಶನಿವಾರ ಬಂತು. ಆಲ್ಬಿ ಎಂದಿನಂತೆ ತಲೆ ಬಾಚಿ, ಬೆನ್ನಿಗೆ ಗಾಳ ಕಟ್ಟಿಕೊಂಡು ಗಾಡಿ ಏರಿ ಕೆರೆಗೆ ಹೊರಟ. ಮೀನೊಂದು ಮನೆಗೆ ಬಂದು ಎಷ್ಟೋ ಕಾಲವಾಗಿತ್ತು. ಪಾಪ, ಕಣ್ಣೂ ಮಂದವಾಗಿರಬೇಕು ಎಂದುಕೊಂಡಳು ರೋಂಡಾ.

ತಮ್ಮ ತಂಡ ಗೆಲ್ಲುತ್ತಿದ್ದರೂ ನೆವಿಲ್ ಮಧ್ಯಂತರಕ್ಕೇ ಮೈದಾನ ಬಿಟ್ಟ. ತನ್ನ ಹೆಸರು ಉಳಿಸಿಕೊಳ್ಳಲು ರೋಂಡಾ ಜೊತೆಗೆ ಹೊರಟಳು.

ಮೋವರ್ ನಿಂಬೆಮರದ ಕೆಳಗಿತ್ತು. ಶೆಡ್ಡಿನೊಳಗೆ ಟಾರ್ಪಾಲು ಹೊದ್ದ ಬೈಕು. ಅದರಡಿ ತೊಟ್, ತೊಟ್.

“ನೋಡ್ದ್ಯಾ? ತಪ್ಪು ನನ್ನದಲ್ಲ,” ಎಂದಳು ರೋಂಡಾ.

“ನಿನ್ನ ವಿಚಾರ ಆಮೇಲೆ!” ನೆವಿಲ್ ಹಿತ್ತಲಿಗೆ ನುಗ್ಗಿದ.

ಕಿರ್ರಾ ಒಣಗಿದ್ದ ಬಟ್ಟೆಗಳನ್ನೇ ಮತ್ತೆ ತಂತಿಗೆ ಹಾಕುತ್ತ ನಿಂತಿದ್ದಳು. “ಅಪ್ಪಾ! ಇಷ್ಟು ಬೇಗ ಬಂದ್ಯಾ!” ಎಂದು ಬೀದಿಗೇ ಕೇಳುವಂತೆ ಕೂಗಿದಳು.

“ಒಳಗೆ ಯಾರಿದಾನೆ?”

“ಬೈಬೇಡಪ್ಪಾ. ಅವರು ನಿನಗೆ ಹೇಳ್ಬೇಕು ಅಂತಲೇ ಇದ್ರು. ನೀನು ಕೂಗಾಡ್ತೀಯ ಅಂತ ಹೆದರಿಕೆ.”

“ವಯಸ್ಸಿಗೆ ತಕ್ಕ ಹಾಗೆ ಇರೋದು ಗೊತ್ತಿಲ್ವಾ?”

“ನೀನು ಹೀಗೇ ಅಂತೀಯ ಅಂತ ಅವರು ಮೊದಲೇ ಹೇಳಿದ್ರು.”

ರೋಂಡಾ ಅವನ ತೋಳು ಹಿಡಿದಳು. “ಕೈ ಮಾತ್ರ ಮಾಡ್ಬೇಡ ನೆವಿಲ್. ಯಾರ ಮನೆಯವನೋ ಏನೋ, ಅವರಿಗೂ ಸಂಕಟ ಆಗುತ್ತೆ.”

ನೆವಿಲ್ ತೋಳು ಕೊಸರಿಕೊಂಡು ಅಡುಗೆಮನೆಯ ಬಾಗಿಲನ್ನು ಧಡಾರನೆ ತಳ್ಳಿದ. ಒಲೆಯ ಬಳಿ ಐರಿಸ್ ನಿಂತಿದ್ದಳು. ಮೇಜಿನ ಮುಂದೆ ಇವರಿಗೆ ಬೆನ್ನು ಹಾಕಿ ಕೂತವನ ಕೈಯ ಕೇಕು ಬಾಯಿಯ ಹತ್ತಿರವೇ ನಿಂತಿತು.

“ಬಾಗಿಲು ಹಾಕೋ ನೆವಿಲ್, ಆಲ್ಬಿಗೆ ಚಳಿ ಆಗುತ್ತೆ,” ಎಂದಳು ಐರಿಸ್, “ಮತ್ತೆ ಕ್ಲಬ್ಬಿನ ಕೆಲಸ ಪಕ್ಕದೂರಿಗೆ ಅನ್ನೋ ಮಾತು ಇಲ್ಲಿಗೇ ಬಿಡು, ಬರೋ ತಿಂಗಳು ನಿನಗೆ ತಂಗಿಯಾಗೋ ರೋಂಡಾ ಹೊಟ್ಟೆ ಮೇಲೆ ಯಾರಾದ್ರೂ ಹೊಡೀತಾರಾ?”