ನಾಲ್ಕನೇ ಮೊಳೆ

ಕಂಪ್ಯೂಟರ್ ಪರದೆಯ ತುಂಬ ತನ್ನದೇ ಮುಖ ಕಂಡು ಲಕ್ಷ್ಮಿದೇವಮ್ಮನ ಕೈಯಲ್ಲಿದ್ದ ಕಾಫಿ ತುಳುಕಿತು. ಕಪ್ಪುಬಿಳುಪಿನ ಮುಖ. ಇಪ್ಪತ್ತೈದರ ಪ್ರಾಯ. ಅದೇ ಅಗಲ ಹಣೆ, ಅದೇ ಮೊಂಡು ಮೂಗು, ನಗದಿದ್ದರೂ ಇಣುಕುವ ಅದೇ ಮುಂದಿನ ಹಲ್ಲು. ಸೊಸೆ ರಮ್ಯ ಆ ಮುಖದ ಸುತ್ತ ಒಂದು ಚೌಕ ಎಳೆದಳು, ಉಳಿದದ್ದನ್ನೆಲ್ಲ ಕತ್ತರಿಸಿ ಹಾಕಿದಳು. ಬೆನ್ನ ಹಿಂದೆ ಅತ್ತೆ ನಿಂತದ್ದು ಗೊತ್ತಾದದ್ದೇ ತಡ, ಪರದೆಯ ಮೇಲೆ ಇನ್ನೇನನ್ನೋ ತಂದಿಟ್ಟಳು.

“ಏನೇ ಅದು?”

“ಏನಿಲ್ಲ ಅತ್ತೆ. ಹಳೇ ಫೋಟೋಗಳ ಸೈಜ್ ಸರಿ ಮಾಡ್ತಾ ಇದೀನಿ.”

ಏನಿಲ್ಲವಂತೆ. ಲಕ್ಷ್ಮಿದೇವಮ್ಮನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ. ಈ ಮನೆಯಲ್ಲಿ ಗುಂಪಿನ ಫೋಟೋದಿಂದ ಹೀಗೆ ಒಬ್ಬರ ಮುಖವನ್ನಷ್ಟೇ ಬಿಡಿಸಿ ತೆಗೆದದ್ದು ಹಿಂದೆ ಒಂದೇ ಸಲ, ಗಂಡ ತಿಮ್ಮಯ್ಯ ತೀರಿಕೊಂಡ ಮಾರನೆಯ ದಿನ. ಯಾರದೋ ಮದುವೆಯ ಫೋಟೋದಲ್ಲಿದ್ದ ಅವನನ್ನು ಕತ್ತರಿಸಿ, ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ, ತಿಥಿಯ ಹೊತ್ತಿಗೆ ಗೋಡೆಗೆ ಏರಿಸಿದವಳು ಇದೇ ರಮ್ಯ.

ಗೋಡೆ ನೆನಪಾಗಿ ಲಕ್ಷ್ಮಿದೇವಮ್ಮ ನಡುಮನೆಗೆ ಬಂದು ನೋಡಿದಳು. ತನ್ನ ಮಾವ, ಅತ್ತೆ, ತಿಮ್ಮಯ್ಯ, ಮೂವರೂ ಗಂಧದ ಹಾರ ಹಾಕಿಕೊಂಡು ಸಾಲಾಗಿದ್ದರು. ತಿಮ್ಮಯ್ಯನ ಪಕ್ಕ ಒಂದು ಹೊಸ ಮೊಳೆ. ಕೆಳಗೆ ನೆಲದ ಮೇಲೆ ಇನ್ನೂ ಗುಡಿಸದ ಗಾರೆಯ ಪುಡಿ.

ಹದಿನಾರು ವರ್ಷದಿಂದ ಅತ್ತೆ ಸೊಸೆ ಎಣ್ಣೆ ಸೀಗೇಕಾಯಿ. ಸಾರಿನ ಉಪ್ಪಿನಿಂದ ಹಿಡಿದು ಮಗ ಮಧುಕುಮಾರ್ ಯಾರ ಮಾತು ಕೇಳಬೇಕು ಅನ್ನುವವರೆಗೆ ಜಗಳ. ಕೆಂಗೇರಿ ಉಪನಗರದ ಈ ಮನೆ ಇನ್ನೂ ಲಕ್ಷ್ಮಿದೇವಮ್ಮನ ಹೆಸರಿನಲ್ಲೇ ಇತ್ತು. ತಾನಿರುವವರೆಗೆ ಇಲ್ಲಿ ತನ್ನದೇ ಮಾತು ನಡೆಯಬೇಕು ಅನ್ನುವುದು ಅವಳ ಹಟ. ಸೊಸೆಗೆ ಆ ‘ಇರುವವರೆಗೆ’ ಉದ್ದವಾಗಿ ಕಂಡಿರಬೇಕು.

ಆಮೇಲೆ ಒಂದೊಂದೇ ಹೊಂದಿಕೊಂಡವು. ನಿನ್ನೆ ಶನಿವಾರ ಪಾರ್ಲರಿಗೆ ಅಂತ ಹೋದವಳು ಸಂಜೆ ಬಂದಾಗ ಮುಖಕ್ಕೆ ಹೊಳಪಿರಲಿಲ್ಲ, ಕೂದಲಲ್ಲಿ ಜೇಡರ ಬಲೆಯಿತ್ತು. ತಾನು ಕೈಗೂಸಾಗಿದ್ದಾಗಲೇ ಹೋದ ಅವ್ವನ ಹೆಸರಿನಲ್ಲಿ ಲಕ್ಷ್ಮಿದೇವಮ್ಮ ಪ್ರತಿವರ್ಷ ಹಿರಿಯರ ಹಬ್ಬಕ್ಕೆ ಎಡೆಯ ಮುಂದೆ ಒಂದು ಸೀರೆ ಮಡಿಸಿ ಇಡುತ್ತಿದ್ದಳು. ಅದನ್ನು ತಂದುಕೊಡು ಅಂದರೆ, “ಈ ಸಲ ಬರೀ ಸೀರೆ ಇಡೋದು ಬೇಡ ಬಿಡಿ ಅತ್ತೆ” ಅಂದಿದ್ದಳು ರಮ್ಯ. ಸತ್ತವರಿಗೆ ಒಂದು ಸೀರೆ ಕೊಡಲು ಹಿಂದೆಮುಂದೆ ನೋಡುವವಳು ಬದುಕಿರುವವರಿಗೆ ಏನು ಕೊಟ್ಟಾಳು? ಸೊಸೆ ಮಾಡಿಕೊಟ್ಟಿದ್ದ ಕಾಫಿಯನ್ನು ಲಕ್ಷ್ಮಿದೇವಮ್ಮ ಸಿಂಕಿಗೆ ಸುರಿದಳು.

ಮಧ್ಯಾಹ್ನ ರಮ್ಯ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಇದ್ದವನು ಫ್ರೇಮ್ ಅಂಗಡಿಯ ಕೊಟ್ರೇಶ್. ಕಳಿಸಿದ್ದು ತೀರಾ ಚಿಕ್ಕದಾಯಿತಾ, ನಾಳೆ ಸಂಜೆ ಮತ್ತೆ ಸ್ಕ್ಯಾನ್ ಮಾಡಿ ದೊಡ್ಡದೇ ಕಳಿಸುತ್ತೇನೆ ಅಂದಳು. ಆಮೇಲೆ ದನಿ ತಗ್ಗಿಸಿದಳು.

“ಅಮಾವಾಸ್ಯೆ ಒಳಗೆ ಗೋಡೆ ಮೇಲಿರ್ಬೇಕು ಅಣ್ಣ. ನಮ್ಮತ್ತೆಗೆ ಮಾತ್ರ ಗೊತ್ತಾಗ್ಬಾರ್ದು.”

ಅಮಾವಾಸ್ಯೆಗೆ ಒಂದು ವಾರವೂ ಇರಲಿಲ್ಲ. ಲಕ್ಷ್ಮಿದೇವಮ್ಮನಿಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ಮೈ ಉರಿಯಿತು. ಊಟದ ಮೇಲೆ ಸೊಸೆ ಕೊಟ್ಟ ಬಿಪಿ ಮಾತ್ರೆಯನ್ನು ದವಡೆಯಲ್ಲಿ ಇಟ್ಟುಕೊಂಡು, ಅವಳು ಅತ್ತ ಹೋದ ಮೇಲೆ ಉಗಿದಳು. ಮಗನಿಗೆ ಹೇಳಿ ಪ್ರಯೋಜನವಿರಲಿಲ್ಲ. ಈ ಮನೆಯಲ್ಲಿ ಸುತ್ತಿಗೆ ಹಿಡಿಯುವವನು ಅವನೊಬ್ಬನೇ.

ಸೋಮವಾರ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸ್ಕ್ಯಾನರಿನ ಮುಚ್ಚಳ ಎತ್ತಿದಳು. ಫೋಟೋ ಅಲ್ಲೇ ಬೋರಲಾಗಿ ಬಿದ್ದಿತ್ತು. ಮರದ ಕುರ್ಚಿಯ ಮೇಲೆ ತಾನು. ಪಕ್ಕದಲ್ಲಿ ತಿಮ್ಮಯ್ಯ ನಿಂತಿದ್ದಿರಬೇಕು. ಆ ಭಾಗವನ್ನು ಗೆದ್ದಲು ತಿಂದು ಪಂಚೆಯಷ್ಟೇ ಉಳಿದಿತ್ತು. ಮಡಿಲಲ್ಲಿ ಮಧು. ಕೈಗೆ ಬಳೆ, ತಲೆಗೆ ಹೂವು, ಮೈಗೆ ಲಂಗ. ಗಂಡುಮಗುವಿಗೆ ಹೆಣ್ಣಿನ ಅಲಂಕಾರ ಮಾಡಿ ಫೋಟೋ ತೆಗೆಸುವುದು ಆಗ ಎಲ್ಲ ಮನೆಗಳಲ್ಲೂ ಇತ್ತು. ಯಾವ ಸ್ಟುಡಿಯೋದಲ್ಲಿ ಕೂತಿದ್ದೋ ನೆನಪಾಗಲಿಲ್ಲ. ಕತ್ತಿನ ಅಡ್ಡಿಗೆಯ ಗುರುತೂ ಹತ್ತಲಿಲ್ಲ. ಫೋಟೋಗೆಂದು ಯಾರದ್ದೋ ಇಸಕೊಂಡದ್ದಿರಬೇಕು.

ಗ್ಯಾಸ್ ಹಚ್ಚಿದಳು. ಇಕ್ಕಳದಲ್ಲಿ ಹಿಡಿದ ಫೋಟೋ ಮೊದಲು ಸುರುಟಿಕೊಂಡಿತು, ಆಮೇಲೆ ಹೊತ್ತಿಕೊಂಡಿತು. ಮುಖ ಕೊನೆಗೆ ಸುಟ್ಟಿತು. ಬೂದಿಯ ಮೇಲೆ ನಲ್ಲಿ ಬಿಟ್ಟಳು. ನಿನ್ನೆಯಿಂದ ಸರಿಯಾಗಿ ಉಣ್ಣದವಳಿಗೆ ಈಗ ಹಸಿವಾಯಿತು.

ಸಂಜೆ ರಮ್ಯ ಹೆಗಲ ಬ್ಯಾಗನ್ನೂ ಇಳಿಸದೆ ಸ್ಕ್ಯಾನರ್ ತೆರೆದಳು. ಮೇಜಿನ ಕೆಳಗೆ ಬಗ್ಗಿ ಹುಡುಕಿದಳು.

“ಇದರಲ್ಲಿದ್ದ ಫೋಟೋ ಎಲ್ಲಿ ಅತ್ತೆ?”

“ಸುಟ್ಟೆ,” ಅಂದಳು ಲಕ್ಷ್ಮಿದೇವಮ್ಮ. “ನನ್ನ ಮುಖ, ನನ್ನ ಮಗನ ಮುಖ, ಎರಡೂ. ನಾನಿನ್ನೂ ಬದುಕಿದೀನಿ ಕಣೇ. ಆ ಮೊಳೆಗೆ ನಿನ್ನ ಫೋಟೋ ನೇತುಹಾಕ್ಕೋ ಹೋಗು.”

ರಮ್ಯ ಜಗಳಕ್ಕೆ ಬರಲಿಲ್ಲ. ಅದೊಂದು ಲಕ್ಷ್ಮಿದೇವಮ್ಮನಿಗೆ ಸರಿಕಾಣಲಿಲ್ಲ. ಸೊಸೆ ಕುರ್ಚಿಯಲ್ಲಿ ಕುಸಿದು ಕೂತು ಕಂಪ್ಯೂಟರ್ ಹಾಕಿದಳು. ಅಂಗಡಿಗೆ ಕಳಿಸಲೆಂದು ಚಿಕ್ಕದು ಮಾಡಿದ್ದನ್ನು ಗಡಿಬಿಡಿಯಲ್ಲಿ ಮೊದಲಿನದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದಳಂತೆ. ಹೇಗೂ ಫೋಟೋ ಇದೆಯಲ್ಲ, ಮತ್ತೆ ಸ್ಕ್ಯಾನ್ ಮಾಡಿದರಾಯಿತು ಅಂದುಕೊಂಡಿದ್ದಳಂತೆ. ಪರದೆಯ ನಡುವೆ ಅಂಚೆಚೀಟಿಯಷ್ಟು ಮುಖ. ರಮ್ಯ ಅದನ್ನು ದೊಡ್ಡದು ಮಾಡಿದಳು. ಕಣ್ಣು, ಮೂಗು, ಹಣೆ ಎಲ್ಲ ಒಡೆದು ಬೂದು ಚೌಕಗಳಾದವು.

“ಇನ್ನು ಇಷ್ಟೇ ಉಳಿದಿರೋದು. ನಿಮ್ಮ ಸೋದರಮಾವನ ಮನೆ ಅಟ್ಟವೆಲ್ಲ ಹುಡುಕಿದ್ರೂ ಅದೊಂದೇ ಸಿಕ್ಕಿದ್ದು,” ಅಂದಳು ರಮ್ಯ.

ಆಮೇಲೆ, ಅತ್ತೆಯ ಮುಖ ನೋಡದೆ, “ಆ ಮಡಿಲಲ್ಲಿದ್ದ ಮಗು ನಿಮ್ಮ ಮಗ ಅಲ್ಲ ಅತ್ತೆ. ನೀವು.”